ಗುಂಡಿಗಿಳಿದ ನಲ್ಲಿಯೂ ಅಕ್ಕನ ಬಾಣಂತನವೂ

ಸ್ವಲ್ಪ ತಡೆಯಿರಿ. ಒಂದು ಸಂಗತಿ ಹೇಳಬೇಕೆಂದೇ ಕೂತಿದ್ದೇನೆ, ಹೇಳದೆ ಏಳುವುದಿಲ್ಲ. ಆದರೆ ಈಗ ತಾನೇ ಹೊರಗೆ ನಲ್ಲಿ ಉಸ್ಸೆಂದ ಹಾಗಾಯಿತು. ಒಂದೇ ಒಂದು ಸಲ ನೋಡಿ ಬರುತ್ತೇನೆ. ಎಲ್ಲಿಗೂ ಹೋಗಬೇಡಿ.

ಬಂದೆ. ನೀರಲ್ಲ, ಗಾಳಿ. ನಮ್ಮ ಬೀದಿಯಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತದೆ. ಎಷ್ಟೋ ಸಲ ಗಾಳಿಯೇ ಬಂದು, ನೀರಿನ ಪರವಾಗಿ ಹಾಜರಿ ಹಾಕಿ, ಹೊರಟುಹೋಗುತ್ತದೆ. ಆ ಉಸ್ಸೆನ್ನುವ ಸದ್ದಿಗೆ ನಿದ್ದೆಯಲ್ಲಿರುವವರು ಏಳುತ್ತಾರೆ, ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಓಡುತ್ತಾರೆ, ಜಗಳವಾಡುತ್ತಿರುವ ಗಂಡ ಹೆಂಡತಿ ಮಾತನ್ನು ಅಲ್ಲಿಗೇ ನಿಲ್ಲಿಸಿ ಒಂದೊಂದು ಬಿಂದಿಗೆ ಹಿಡಿದುಕೊಳ್ಳುತ್ತಾರೆ. ದೂರದೂರದ ಊರುಗಳಿಂದ ಜನ ಬಸ್ಸು ಮಾಡಿಕೊಂಡು ನಂಜನಗೂಡಿಗೆ ಬಂದು ಕಪಿಲೆಯಲ್ಲಿ ಮುಳುಗಿ, ಪಾಪ ತೊಳೆದುಕೊಂಡು ಹೋಗುತ್ತಾರೆ. ಇಲ್ಲೇ ಬೆಳೆದ ನಾನು ಅರ್ಧ ಬಕೆಟ್ಟಿನಲ್ಲಿ ಮೈಯಲ್ಲಿ ಯಾವ ಭಾಗ ತೊಳೆಯಬೇಕು, ಯಾವ ಭಾಗವನ್ನು ನಾಳೆಗೆ ಬಿಡಬಹುದು ಎಂದು ಯೋಚಿಸುತ್ತಾ ನಿಂತಿರುತ್ತೇನೆ. ನಮ್ಮ ಮನೆಯ ತಾರಸಿ ಹತ್ತಿದರೆ ಹೊಳೆ ಕಾಣುತ್ತದೆ. ಅದೇ ಕಷ್ಟ. ಕಾಣದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ನನ್ನದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಡಿಟಿಪಿ ಅಂಗಡಿ. ಟೈಪಿಂಗು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಕುಟ್ಟಿ ಕುಟ್ಟಿ ಕಲಿತದ್ದು. ಅದಕ್ಕೇ ಮಾತಾಡಿದ ಹಾಗೇ ಕುಟ್ಟುತ್ತಿದ್ದೇನೆ, ಸಹಿಸಿಕೊಳ್ಳಿ. ನಮ್ಮ ಊರು ಬೆಳೆಯುತ್ತಿದೆ ಎಂದು ನನಗೆ ಗೊತ್ತಾದದ್ದೇ ಲಗ್ನಪತ್ರಿಕೆಗಳಿಂದ. ಮೊದಮೊದಲು ಪತ್ರಿಕೆಯ ಕೆಳಗೆ ಹೆಸರು ಹಾಕಿ ‘ನಂಜನಗೂಡು’ ಎಂದು ಬರೆದರೆ ಸಾಕಾಗುತ್ತಿತ್ತು. ಆಮೇಲೆ ‘ದೇವಸ್ಥಾನದ ಹಿಂಭಾಗ’ ಬಂತು. ಅದಾದ ಮೇಲೆ ಕ್ರಾಸು ಬಂತು, ಮೇನು ಬಂತು, ಬಡಾವಣೆ ಬಂತು, ಬಡಾವಣೆಗೆ ಎರಡನೇ ಹಂತ ಬಂತು. ವಿಳಾಸಕ್ಕೇ ಎರಡು ಸಾಲು ಬೇಕಾಗಿ ನಾನು ಅಕ್ಷರ ಸಣ್ಣದು ಮಾಡುತ್ತಾ ಹೋದೆ. ಕಾರ್ಖಾನೆಗಳು ಬಂದವು, ಕೆಲಸಕ್ಕೆ ಜನ ಬಂದರು, ಬಂದವರಿಗೆ ಮನೆ ಬೇಕು, ಮನೆ ಇದ್ದವರು ಮೇಲೆ ಇನ್ನೊಂದು ಮನೆ ಕಟ್ಟಿದರು. ಎಲ್ಲವೂ ಬೆಳೆಯಿತು. ಬೀದಿಯ ಕೆಳಗೆ ಹೂತಿರುವ ನೀರಿನ ಪೈಪು ಮಾತ್ರ ಹೂತಾಗ ಎಷ್ಟು ದಪ್ಪ ಇತ್ತೋ ಅಷ್ಟೇ ಇದೆ.

‘ಜನ ಜಾಸ್ತಿಯಾಗೋದ್ರು’ ಎನ್ನುವುದು ನಮ್ಮ ಬೀದಿಯಲ್ಲಿ ಎಲ್ಲರ ಮಾತು. ಯಾರು ಜಾಸ್ತಿಯಾದವರು ಎಂದು ಕೇಳಿದರೆ ಮಾತ್ರ ಒಬ್ಬರೂ ಸಿಕ್ಕುವುದಿಲ್ಲ. ನಮ್ಮಪ್ಪ ಹದಿನಾರು ಎಂಬ ಹಳ್ಳಿಯಿಂದ ಬಂದು ಇಲ್ಲಿ ಸೈಟು ತಗೊಂಡದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಕಾರ್ಖಾನೆಯ ಪಾಳಿ ಮುಗಿಸಿ ಬಂದು ಖಾಲಿ ಬಿಂದಿಗೆ ನೋಡಿದಾಗಲೆಲ್ಲ ಅವರು, “ನಾವು ಬಂದಾಗ ಹಿಂಗಿರ್ಲಿಲ್ಲ” ಎನ್ನುತ್ತಾರೆ. ಪಕ್ಕದ ಮನೆಯ ನಾಗರತ್ನಮ್ಮ ಬಿಳಿಗೆರೆ ಕಡೆಯವರು, ನಮಗಿಂತ ಆಮೇಲೆ ಬಂದವರು. ಅವರೂ ಹಾಗೇ ಹೇಳುತ್ತಾರೆ. ಅವರ ಮಹಡಿಯ ಮೇಲಿನ ಬಾಡಿಗೆ ಮನೆಗೆ ಮೊನ್ನೆ ಮೊನ್ನೆ ಸಾಮಾನು ಇಳಿಸಿದ ಹುಡುಗ ಕೂಡ, ಹಾಸಿಗೆ ಸುರುಳಿ ಇನ್ನೂ ಬಿಚ್ಚಿರಲಿಲ್ಲ, ಬಕೆಟ್ ಹಿಡಿದುಕೊಂಡು ನನ್ನ ಹತ್ತಿರ ಬಂದು, “ಏನ್ ಸಾ, ನಾವು ಬಂದಾಗ ಹಿಂಗಿರ್ಲಿಲ್ವಲ್ಲಾ” ಅಂದ. ನಾನು ಹೌದು ಎಂದೆ. ಇನ್ನೇನು ಹೇಳಲಿ?

ಇನ್ನು ನಲ್ಲಿಯ ಕಥೆ. ಮನೆ ಕಟ್ಟಿಸಿದಾಗ ನಲ್ಲಿ ಇದ್ದದ್ದು ಅಡುಗೆಮನೆಯಲ್ಲಿ, ಸೊಂಟದೆತ್ತರದಲ್ಲಿ, ಮರ್ಯಾದಸ್ಥರ ಮನೆಯ ನಲ್ಲಿಯ ಹಾಗೆ. ನಮ್ಮ ಬೀದಿ ಸ್ವಲ್ಪ ಏರಿನಲ್ಲಿದೆ. ಜನ ಹೆಚ್ಚಿದ ಹಾಗೆ ನೀರಿಗೆ ಏರು ಹತ್ತುವ ಶಕ್ತಿ ಕಮ್ಮಿಯಾಯಿತು. ಅಡುಗೆಮನೆಯ ನಲ್ಲಿ ಸುಮ್ಮನಾಯಿತು. ನೀರು ಹತ್ತದಿದ್ದರೆ ನಲ್ಲಿಯೇ ಇಳಿಯಲಿ ಎಂದು ಹಿತ್ತಲಿಗೆ ತಂದೆವು. ಅಲ್ಲೂ ಸುಮ್ಮನಾದಾಗ ಬೀದಿ ಬಾಗಿಲ ಮುಂದೆ, ಪೈಪು ಒಳಗೆ ಬರುವ ಜಾಗದಲ್ಲೇ ಕತ್ತರಿಸಿ, ನೆಲಮಟ್ಟದಲ್ಲಿ ಇಟ್ಟೆವು. ಆಮೇಲೆ ಅದೂ ಸಾಲದೆ, ನೆಲ ಅಗೆದು, ಗುಂಡಿ ಮಾಡಿ, ಗುಂಡಿಯೊಳಗೆ ನಲ್ಲಿ ಇಳಿಸಿದೆವು. ನೀವು ನಕ್ಕರೆ ನಗಿ. ನಮ್ಮ ಬೀದಿಯಲ್ಲಿ ಎಲ್ಲರ ಮನೆ ಮುಂದೆಯೂ ಒಂದೊಂದು ಗುಂಡಿ ಇದೆ, ಅದಕ್ಕೆ ಮೆಟ್ಟಿಲಿದೆ, ಮುಚ್ಚಲು ಕಲ್ಲುಚಪ್ಪಡಿ ಇದೆ. ಹೆಂಗಸರು ಒಬ್ಬರು ಒಳಗಿಳಿದು ಜಗ್ಗಿನಿಂದ ಮೊಗೆದು ಕೊಡುತ್ತಾರೆ, ಇನ್ನೊಬ್ಬರು ಮೇಲೆ ನಿಂತು ಬಿಂದಿಗೆ ತುಂಬುತ್ತಾರೆ. ಯಾರಾದರೂ ಬಂದು, “ನಿಮ್ಮಮ್ಮ ಇದಾರೇನಪ್ಪ?” ಎಂದು ಕೇಳಿದರೆ, “ಗುಂಡಿಲವ್ರೆ, ಕೂತ್ಕಳಿ” ಅನ್ನುತ್ತೇವೆ. ಹೊಸಬರು ಗಾಬರಿಯಾಗುತ್ತಾರೆ.

ಗುಂಡಿಗೆ ಒಂದು ನಿಯಮವಿದೆ. ಒಂದೇ ಪೈಪಿನ ಮೇಲಿರುವ ಮನೆಗಳಲ್ಲಿ ಯಾರ ನಲ್ಲಿ ಎಲ್ಲರಿಗಿಂತ ಕೆಳಗಿದೆಯೋ ಅವರಿಗೆ ನೀರು. ಮಿಕ್ಕವರಿಗೆ ಗಾಳಿ. ಈ ನಿಯಮವನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಬೀದಿಯ ಮಕ್ಕಳಿಗೂ ಗೊತ್ತು.

ಇಂಥಾ ಹೊತ್ತಿನಲ್ಲಿ ನಮ್ಮ ಸವಿತಕ್ಕ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು.

ಅಕ್ಕನನ್ನು ಕೊಟ್ಟಿರುವುದು ಟಿ. ನರಸೀಪುರಕ್ಕೆ. ಅಲ್ಲಿ ಕಪಿಲೆಯೂ ಕಾವೇರಿಯೂ ಸೇರುತ್ತವೆ, ಅದನ್ನು ನಮ್ಮ ಭಾವ ತಾವೇ ಸೇರಿಸಿದ ಹಾಗೆ ಹೇಳುತ್ತಾರೆ. “ನಿಮ್ಮೂರಲ್ಲಿ ಒಂದೇ ಅಲ್ವೇನೋ ನದಿ” ಎನ್ನುವುದು ಮದುವೆಯಾದ ದಿನದಿಂದ ನನ್ನ ಮೇಲೆ ಅವರ ತಮಾಷೆ. ಅಕ್ಕನಿಗೆ ದಿನ ತುಂಬುತ್ತಾ ಬಂದಾಗ ಭಾವನ ತಾಯಿ ಪುಟ್ಟತಾಯಮ್ಮ ನಮ್ಮ ಮನೆಗೆ ಬಂದು, ಗುಂಡಿಯನ್ನು ಎರಡು ಕಡೆಯಿಂದಲೂ ನೋಡಿ, ಅಮ್ಮನ ಹತ್ತಿರ ಮೆತ್ತಗೆ ಹೇಳಿದರು: “ನೋಡಿ ಬೀಗ್ತೀರೇ, ಬಾಣ್ತಿ ಅಂದ್ರೆ ನೀರು. ನೀರಿಗೆ ಕಷ್ಟ ಆದ್ರೆ ನಾಚ್ಕೋಬೇಡಿ. ನಮ್ಮಲ್ಲಿ ಹಿತ್ಲಲ್ಲೇ ಬೋರದೆ. ಕರ್ಕೊಂಡೋಗ್ತೀವಿ.”

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅಮ್ಮನಿಗೆ ಅದು ನಾಟಿತು. ಕಾರಣ ಇದೆ. ಅಕ್ಕ ಹುಟ್ಟಿದಾಗ ನಮ್ಮ ಅಜ್ಜಿಗೆ ಕಾಯಿಲೆಯಾಗಿ, ಅಮ್ಮ ತವರಿನಲ್ಲಿ ತಿಂಗಳು ತುಂಬುವ ಮೊದಲೇ ಹಸುಗೂಸು ಕಟ್ಟಿಕೊಂಡು ಗಂಡನ ಮನೆಗೆ ವಾಪಸು ಬಂದವರು. ಈಗಲೂ ಸೊಂಟ ಹಿಡಿದುಕೊಂಡರೆ, “ಸರಿಯಾಗ್ ನೀರು ಬಿದ್ದಿದ್ರೆ ಈ ಸೊಂಟ ಹಿಂಗಾಯ್ತಿತ್ತಾ” ಎನ್ನುತ್ತಾರೆ. ಬಾಣಂತಿಗೆ ದಿನವೂ ಎಣ್ಣೆ ಹಚ್ಚಿ, ಹಂಡೆ ತುಂಬ ಸುಡುನೀರು ಕಾಯಿಸಿ, ಸೊಂಟಕ್ಕೆ ಬೆನ್ನಿಗೆ ಚೊಂಬು ಚೊಂಬಾಗಿ ಬೀಸಿ ಹೊಯ್ಯಬೇಕು. ಅದು ಸ್ನಾನವಲ್ಲ, ಚಿಕಿತ್ಸೆ. ತನಗೆ ಸಿಗದೇ ಇದ್ದದ್ದನ್ನು ಮಗಳಿಗೆ ಪೂರ್ತಿ ಐದು ತಿಂಗಳು ಮಾಡಿ ಕಳಿಸಬೇಕೆಂಬುದು ಅಮ್ಮನ ಆಸೆ. ಆಸೆಯಲ್ಲ, ಹಟ. “ನನ್ ಮಗಳ್ನ ನೀರಿಲ್ಲ ಅಂತ ವಾಪಸ್ ಕಳಿಸೋದುಂಟಾ? ಆಗಕ್ಕಿಲ್ಲ” ಎಂದು ಬೀಗಿತ್ತಿಯ ಬಸ್ಸು ಹೊರಟ ಮೇಲೆ ನಮಗೆ ಹೇಳಿದರು.

ಹೆಣ್ಣು ಮಗು ಆಯಿತು. ಬೀದಿಗೆಲ್ಲ ಸಕ್ಕರೆ ಹಂಚಿದೆವು. ‘ಜನ ಜಾಸ್ತಿಯಾಗೋದ್ರು’ ಎಂದು ಅವತ್ತು ಯಾರೂ ಅನ್ನಲಿಲ್ಲ.

ಕೂಸಿಗೆ ನೀರು ಹಾಕುವುದಕ್ಕೆ ಕೈ ಪಳಗಿರಬೇಕು. ಮಣೆಯ ಮೇಲೆ ಕೂತು, ಕಾಲು ನೀಡಿ, ಕಾಲಿನ ಮೇಲೆ ಕೂಸನ್ನು ಮಲಗಿಸಿ, ಅದು ಮನೆ ಹಾರಿಹೋಗುವಂತೆ ಕಿರುಚಿದರೂ ಹೆದರದೆ ತಿಕ್ಕಿ ತೀಡಿ ನೀರು ಹೊಯ್ಯಬೇಕು. ನಮ್ಮ ಬೀದಿಯಲ್ಲಿ ಆ ಕೈ ಇದ್ದದ್ದು ಒಬ್ಬರಿಗೇ. ನಾಗರತ್ನಮ್ಮನಿಗೆ. ಕರೆಯುವ ಮೊದಲೇ ಸೀರೆ ಎತ್ತಿ ಕಟ್ಟಿಕೊಂಡು ಬಂದರು. “ಅರಳೆಣ್ಣೆ ಬಿಸಿ ಮಾಡವ್ವಾ. ಎಲ್ಲಿ ನಮ್ಮ ಚಿನ್ನಾರಿ?” ಎಂದು ಕೂಸನ್ನು ಎತ್ತಿಕೊಂಡರು. ಅವತ್ತಿನಿಂದ ದಿನಾ ಬೆಳಿಗ್ಗೆ ಅವರೇ. ಒಂದು ಎಲೆ ಅಡಿಕೆ ಬಿಟ್ಟರೆ ಇನ್ನೇನೂ ಮುಟ್ಟಲಿಲ್ಲ.

ಈಗ ನನ್ನ ಸಂಕಟ ಅರ್ಥವಾಯಿತೇ? ನಮ್ಮ ಮನೆಗೆ ನೀರು ಬರದೇ ಇರುವುದಕ್ಕೆ ಕಾರಣವೂ ನಾಗರತ್ನಮ್ಮನೇ. ಪೈಪಿನಲ್ಲಿ ಅವರ ಮನೆ ನಮಗಿಂತ ಮುಂದೆ. ಮೇಲೆ ಮೂರು ಬಾಡಿಗೆ ಮನೆ. ಅಷ್ಟು ಜನಕ್ಕೂ ಅವರದೊಂದೇ ಗುಂಡಿ, ಅದಕ್ಕೇ ಅದು ಬೀದಿಗೆಲ್ಲ ಆಳ. ದಿನ ಬಿಟ್ಟು ದಿನ ನೀರು ಬಂದಾಗ ಅವರ ಗುಂಡಿ ಗಳಗಳ ಎನ್ನುತ್ತಿತ್ತು, ನಮ್ಮದು ಬಿಕ್ಕುತ್ತಿತ್ತು. ಅವರ ಮನೆಯಿಂದ ಬಿಂದಿಗೆ ತುಂಬಿದ ಸದ್ದು ಕೇಳುತ್ತಾ ಅಮ್ಮ ಗುಂಡಿಯೊಳಗೆ ಜಗ್ಗು ಹಿಡಿದು ಕೂತಿರುತ್ತಿದ್ದರು. ಬೈಯುವಂತಿಲ್ಲ. ಬೈದರೆ ಬೆಳಿಗ್ಗೆ ಕೂಸಿಗೆ ನೀರು ಹಾಕುವವರು ಯಾರು? ಅಮ್ಮ ಕೊಳಗ, ಕುಕ್ಕರು, ಟಿಫನ್ ಡಬ್ಬಿ, ದೇವರ ಮುಂದಿನ ಪಂಚಪಾತ್ರೆ ಎಲ್ಲದರಲ್ಲೂ ನೀರು ಹಿಡಿದಿಟ್ಟು ಹಂಡೆ ತುಂಬಿಸುತ್ತಿದ್ದರು. ಅಪ್ಪ ಕಾರ್ಖಾನೆಯಲ್ಲೇ ಸ್ನಾನ ಮಾಡಿ ಬರತೊಡಗಿದರು. ನಾನು ಸೆಂಟು ಹಾಕಿಕೊಳ್ಳತೊಡಗಿದೆ. ಬಂದ ನೆಂಟರಿಗೆ ಕುಡಿಯಲು ನೀರು ಬೇಕಾ ಎಂದು ಕೇಳುವುದನ್ನು ಬಿಟ್ಟು ನೇರವಾಗಿ ಕಾಫಿ ಕೊಡತೊಡಗಿದೆವು. ಹಾಲು ದಿನವೂ ಬರುತ್ತದೆ ನೋಡಿ.

ನನಗೆ ಒಂದು ಕೆಟ್ಟ ಉತ್ಸಾಹವಿದೆ. ಏನೇ ತೊಂದರೆ ಬರಲಿ, ಅದರ ಬಗ್ಗೆ ಓದಿ ಕಲಿತುಬಿಡುತ್ತೇನೆ ಅನ್ನಿಸುತ್ತದೆ. ಹೈಸ್ಕೂಲಿನ ವಿಜ್ಞಾನದ ಪುಸ್ತಕ ಅಟ್ಟದಿಂದ ಇಳಿಸಿ ನೀರಿನ ಒತ್ತಡದ ಪಾಠ ಓದಿದೆ. ಆಮೇಲೆ ಗಾರೆ ಕೆಲಸದವರ ಹತ್ತಿರ ಮಟ್ಟ ನೋಡುವ ಪೈಪು ಕಡ ತಂದೆ. ನೀವು ನೋಡಿರುತ್ತೀರಿ, ಪಾರದರ್ಶಕ ಪ್ಲಾಸ್ಟಿಕ್ ಪೈಪು, ಒಳಗೆ ನೀರು ತುಂಬಿ ಎರಡು ತುದಿ ಎರಡು ಕಡೆ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದಕ್ಕೆ ತುಂಬಲು ನೀರು ಕೇಳಿದಾಗ ಅಮ್ಮ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಮುಂದಿದೆ. “ನೀರ್ ಎಲ್ಲದೆ ಅಂತ ನೋಡಕ್ಕೆ ನೀರ್ ಕೇಳ್ತೀಯಲ್ಲೋ!” ಅಂದರು. ಒಂದು ಚೊಂಬು ಕೊಟ್ಟರು, ಆದರೆ ಕೆಲಸವಾದ ಮೇಲೆ ಅದನ್ನು ವಾಪಸು ಸುರಿಸಿಕೊಂಡು ಸೊಪ್ಪು ತೊಳೆದರು.

ಅಳೆದೆ. ನಮ್ಮ ನಲ್ಲಿ ನಾಗರತ್ನಮ್ಮನ ನಲ್ಲಿಗಿಂತ ಮೊಳದಷ್ಟು ಮೇಲಿತ್ತು. ಅಷ್ಟೇ ವಿಷಯ. ಒಂದು ಭಾನುವಾರ ಪಿಕಾಸಿ ಹಿಡಿದು ಗುಂಡಿಗಿಳಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಅಪ್ಪ ಬಾಂಡ್ಲಿಯಲ್ಲಿ ಮಣ್ಣು ಎಳೆದು ಹಾಕಿದರು. ಮುಂದಿನ ಸಲ ನೀರು ಬಂದಾಗ, ಅಬ್ಬಾ, ಆ ಸದ್ದು! ನಮ್ಮ ಗುಂಡಿಯಲ್ಲಿ ಗಳಗಳ. ಅಮ್ಮ ಬಿಂದಿಗೆಯ ಮೇಲೆ ಬಿಂದಿಗೆ ಮೇಲಕ್ಕೆ ಕೊಟ್ಟರು. ಹಂಡೆ ತುಂಬಿ, ಡ್ರಮ್ಮು ತುಂಬಿ, ಇನ್ನೂ ಬರುತ್ತಲೇ ಇತ್ತು. “ನನ್ ಮಗ ಓದಿದ್ದು ಸಾರ್ಥಕ ಆಯ್ತು” ಎಂದರು ಅಮ್ಮ. ಪಿಯುಸಿಯಲ್ಲಿ ನಾನು ಫೇಲಾದ ಮೇಲೆ ಅಂಥ ಮಾತು ನಮ್ಮ ಮನೆಯಲ್ಲಿ ಕೇಳಿಬಂದದ್ದು ಅದೇ ಮೊದಲು. ಪಕ್ಕದ ಗುಂಡಿಯಿಂದ ಮಾತ್ರ ಉಸ್ಸೆಂಬ ಸದ್ದು ಬರುತ್ತಿತ್ತು. ನಾವು ಕೇಳಿಸದವರ ಹಾಗಿದ್ದೆವು.

ಬೆಳಿಗ್ಗೆ ನಾಗರತ್ನಮ್ಮ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಎಂದಿನಂತೆ ಮಣೆಯ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕುತ್ತಾ ಅದರ ಹತ್ತಿರ ಮಾತಿಗೆ ಶುರುಮಾಡಿದರು.

“ಏನವ್ವಾ ಪುಟ್ಟವ್ವಾ, ನಿಮ್ಮಾವ ಇಂಜಿನಿಯರ್ರಂತೆ ಕಣವ್ವಾ! ಪೈಪ್ ಹಿಡ್ದು ಅಳ್ದು ನಮ್ಮನೆ ನೀರ್ನೆಲ್ಲ ನಿಮ್ಮನೆಗೆ ತಿರುಗಿಸ್ಕಂಬುಟ್ನಂತೆ! ನೀ ನೀರ್ ಉಯ್ಕೋ, ಈ ಅಜ್ಜಿ ಮಣ್ ಉಯ್ಕೋತದೆ!”

ನಾನು ಬಚ್ಚಲ ಬಾಗಿಲಲ್ಲಿ ಬಿಸಿನೀರು ಹಿಡಿದು ನಿಂತಿದ್ದೆ. ಅಮ್ಮನೂ ನಾಗರತ್ನಮ್ಮನ ಮುಖ ನೋಡದೆ, ಕೂಸಿನ ಕಡೆಯೇ ಬಗ್ಗಿದರು.

“ಹೇಳು ಪುಟ್ಟಿ, ಅಜ್ಜೀ, ಮೇಲ್ ಮೂರ್ ಮನೆ ಕಟ್ಟುವಾಗ ಪಕ್ದಲ್ಲಿ ನಾವೂ ಇದೀವಿ ಅಂತ ನೆಪ್ಪಿರ್ಲಿಲ್ವಾ ಅಂತ ಕೇಳು.”

“ನಿಮ್ಮಜ್ಜಿಗೇಳವ್ವಾ, ಬಾಡಿಗೆನವ್ರೂ ಮನುಸ್ರೇ, ಅವ್ರೂ ಮಕ ತೊಳೀತಾರೆ ಅಂತ.”

“ಬಾಣ್ತಿನೂ ಮನುಷ್ಯಳೇ ಅಂತ ಹೇಳು ಪುಟ್ಟಿ.”

“ಬಾಣ್ತಿಗೆ ನೀರಿಲ್ಲ ಅಂದಿದ್ರೆ ನಾನೇ ಎರಡು ಬಿಂದ್ಗೆ ಕೊಡ್ತಿರ್ಲಿಲ್ವೇನವ್ವಾ? ಬಾಯ್ಬುಟ್ ಕೇಳ್ನಿಲ್ವಲ್ಲ ನಿಮ್ಮಜ್ಜಿ! ಕೇಳೋದ್ ಬುಟ್ಟು ನೆಲ ಅಗೆದ್ರಲ್ಲಾ!”

ಇಬ್ಬರ ಪರವಾಗಿಯೂ ವಕಾಲತ್ತು ವಹಿಸಬೇಕಾಗಿ ಬಂದ ಕೂಸು ಉಸಿರುಗಟ್ಟಿ ಅಳುತ್ತಿತ್ತು. ಆದರೆ ನಾಗರತ್ನಮ್ಮನ ಕೈ ಒಂದು ಸಲವೂ ಒರಟಾಗಲಿಲ್ಲ. ಮೂಗು ತೀಡಿದರು, ಬೆನ್ನು ತಟ್ಟಿದರು, ಧೂಪ ಹಾಕಿ, ಬಟ್ಟೆಯಲ್ಲಿ ಸುತ್ತಿ, ಅಕ್ಕನ ಮಡಿಲಿಗೆ ಕೊಟ್ಟು ಹೋದರು. ಕೋಣೆಯೊಳಗಿಂದ ಅಕ್ಕ, “ಅಮ್ಮಾ, ನನ್ನಿಂದ ಯಾಕಿಷ್ಟು ರಾದ್ಧಾಂತ?” ಅಂದಳು. ಅಮ್ಮ, “ನೀನ್ ಸುಮ್ನೆ ಮಲಕ್ಕೊ” ಅಂದರು. ನಾಗರತ್ನಮ್ಮನಿಗೆಂದು ಇಟ್ಟಿದ್ದ ಎಲೆ ಅಡಿಕೆ ಅವತ್ತು ತಟ್ಟೆಯಲ್ಲೇ ಉಳಿದಿತ್ತು.

ಅದೇ ವಾರ ನಾಗರತ್ನಮ್ಮನ ಗುಂಡಿಗೆ ಆಳುಗಳು ಇಳಿದರು. ಮತ್ತೆ ನಮ್ಮ ನಲ್ಲಿ ಬಿಕ್ಕಿತು. ನಾನು ಮತ್ತೆ ಇಳಿದೆ. ನಮ್ಮಿಬ್ಬರನ್ನೂ ನೋಡಿ ಎದುರು ಸಾಲಿನವರು ಇಳಿದರು, ಆಮೇಲೆ ಮೂಲೆ ಮನೆಯವರು ಇಳಿದರು. ಬೀದಿಯುದ್ದಕ್ಕೂ ಮನೆಗಳ ಮುಂದೆ ಮಣ್ಣಿನ ಗುಡ್ಡೆ. ನೀರು ಬಿಡುವ ಸಿದ್ದಪ್ಪ ಸೈಕಲ್ಲಿನಲ್ಲಿ ಬಂದವನು ಒಂದು ಕಾಲು ನೆಲಕ್ಕೆ ಕೊಟ್ಟು ನಿಂತು, “ಏನ್ರಪ್ಪಾ, ಎಲ್ಲಾರೂ ಸೇರಿ ಬಾವಿ ತೋಡ್ತಿದ್ದೀರಾ? ಇನ್ನೊಂದಿಷ್ಟ್ ಅಗೀರಿ, ಅಲ್ಲೇ ನೀರ್ ಸಿಗ್ತದೆ, ನನ್ಗೂ ಕೆಲ್ಸ ತಪ್ತದೆ” ಎಂದ. ಯಾರೂ ನಗಲಿಲ್ಲ. ಅವನ ತಮಾಷೆಗೆ ನಗುತ್ತಿದ್ದ ಕಾಲ ಒಂದಿತ್ತು. ನಕ್ಕರೆ ವಾಲ್ವನ್ನು ಇನ್ನೊಂದು ಸುತ್ತು ತಿರುಗಿಸುತ್ತಾನೆ ಎಂಬ ನಂಬಿಕೆ ಇದ್ದ ಕಾಲ.

ಎಲ್ಲರೂ ಎಷ್ಟು ಅಗೆದರೂ ಬರುತ್ತಿದ್ದ ನೀರು ಅಷ್ಟೇ. ಅದನ್ನು ಪಡೆಯಲು ಇಳಿಯಬೇಕಾದ ಮೆಟ್ಟಿಲು ಮಾತ್ರ ಹೆಚ್ಚಾದವು. ಅಮ್ಮ ಸೊಂಟ ಹಿಡಿದುಕೊಂಡು ಇಳಿಯುವರು, ಸೊಂಟ ಹಿಡಿದುಕೊಂಡು ಹತ್ತುವರು. ಮಗಳ ಸೊಂಟ ಗಟ್ಟಿಯಾಗಲಿ ಎಂದು.

ಅಷ್ಟರಲ್ಲಿ ಮಳೆಗಾಲ ಬಂತು. ಕೇರಳದ ಕಡೆ ಚೆನ್ನಾಗಿ ಹೊಯ್ದು ಕಪಿಲೆ ಕೆಂಪಗೆ ತುಂಬಿ ಹರಿಯಿತು. ತಾರಸಿಯಿಂದ ನೋಡಿದರೆ ಕಣ್ಣು ಹಾಯುವಷ್ಟು ನೀರು. ನಮ್ಮಲ್ಲೂ ಮಳೆ ಹಿಡಿಯಿತು. ಬೀದಿಯ ಚರಂಡಿ ಅಗಲ ಕಮ್ಮಿ, ಅದನ್ನೂ ಹಳೆಯ ಜನಸಂಖ್ಯೆಗೆ ಕಟ್ಟಿದ್ದು. ಅದು ತುಂಬಿತು. ಈಗ ನಮ್ಮೆಲ್ಲರ ಗುಂಡಿಗಳು ಚರಂಡಿಗಿಂತ ಆಳ. ಚರಂಡಿಯ ನೀರು ಮಣ್ಣಿನಲ್ಲಿ ಜಿನುಗಿ ಜಿನುಗಿ ಗುಂಡಿಗೆ ಇಳಿಯಿತು. ಬೆಳಿಗ್ಗೆ ಎದ್ದು ಚಪ್ಪಡಿ ಸರಿಸಿದರೆ ನಲ್ಲಿಯೇ ಮುಳುಗಿಹೋಗಿತ್ತು. ಮೊಗೆದು ಹಾಕಿದೆವು, ಮತ್ತೆ ತುಂಬಿತು. ನೀರು ಬರುವುದು ನಿಂತಾಗ ಖಾಲಿ ಪೈಪು ಸುತ್ತಲಿನ ಕೊಳಕನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದಂತೆ. ನಾನು ಓದಿದ ಪಾಠದ ಮುಂದಿನ ಪಾಠದಲ್ಲೇ ಅದಕ್ಕೆ ಕಾರಣ ಇತ್ತು. ಅಲ್ಲಿಯವರೆಗೆ ನಾನು ಓದಿರಲಿಲ್ಲ. ನೀರು ಬಂತು ಎಂದು ಖುಷಿಯಾಗಿ ಪುಸ್ತಕ ಅಟ್ಟಕ್ಕೆ ಹಾಕಿದ್ದೆ.

ಮೊದಲು ವಾಸನೆ ಬಂತು. ಆಮೇಲೆ ಮೂಲೆ ಮನೆಯವರಿಗೆ ಭೇದಿ. ಆಮೇಲೆ ಅಪ್ಪನಿಗೆ. ನಾವು ಅಕ್ಕನಿಗೆ ಕುದಿಸಿ ಆರಿಸಿದ ನೀರು ಕೊಡುತ್ತಿದ್ದೆವು, ಆದರೂ ಒಂದು ಮಧ್ಯಾಹ್ನ ಅವಳಿಗೆ ಜ್ವರ ಏರಿ ಹೊಟ್ಟೆ ಕೆಟ್ಟಿತು. ಮರುದಿನ ಕೂಸೂ ಹಾಲು ಕುಡಿಯದೆ ಸೊರಗಿ ಮಲಗಿತು. ದಿನಾ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದ ಕೂಸು ಅಳದೇ ಇದ್ದರೆ ಮನೆ ಎಷ್ಟು ಭಯಂಕರವಾಗಿರುತ್ತದೆ ಎಂದು ನಿಮಗೆ ಹೇಗೆ ಹೇಳಲಿ? ಡಾಕ್ಟರು ಔಷಧಿ ಕೊಟ್ಟು, “ನೀರು ಬದಲಾಯಿಸಿ” ಎಂದರು. ಎಷ್ಟು ಸಲೀಸಾಗಿ ಹೇಳಿದರು! ಅಂಗಿ ಬದಲಾಯಿಸಿ ಅನ್ನುವ ಹಾಗೆ.

ಅಮ್ಮ ಆಸ್ಪತ್ರೆಯಿಂದ ಬಂದವರೇ ಬಚ್ಚಲಿಗೆ ಹೋಗಿ, ಅಷ್ಟು ಕಷ್ಟಪಟ್ಟು ತುಂಬಿದ್ದ ಹಂಡೆಯನ್ನು ಬಗ್ಗಿಸಿ ಪೂರ್ತಿ ಚೆಲ್ಲಿಬಿಟ್ಟರು. ನೀರು ಹೋಗುವುದನ್ನು ಕೊನೆಯವರೆಗೂ ನೋಡುತ್ತಾ ನಿಂತಿದ್ದರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದು ನನಗೆ, “ಫೋನ್ ಮಾಡು ನರಸೀಪುರಕ್ಕೆ. ನಿಮ್ ಭಾವನ್ಗೆ ಬಂದು ಕರ್ಕೊಂಡೋಗಕ್ಕೆ ಹೇಳು” ಅಂದರು.

ಅಕ್ಕ ಒಳಗಿಂದ, “ಅಮ್ಮಾ, ಐದು ತಿಂಗ್ಳು ಅಂದಿದ್ಯಲ್ಲಾ. ಮೂರೂ ಆಗಿಲ್ಲ” ಎಂದಳು.

“ಅಂದಿದ್ದೆ ಕಣವ್ವ. ಅನ್ನಕ್ಕೇನು. ನೀನ್ ಹೋಗು ಮಗ.”

ಅಷ್ಟೇ. ನಾನು ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡಿದೆ. ಭಾವ ನದಿಯ ತಮಾಷೆ ಮಾಡಲಿಲ್ಲ. ಮಾಡಿದ್ದರೇ ಚೆನ್ನಾಗಿತ್ತು.

ಔಷಧಿಗೆ ಕೂಸು ಸ್ವಲ್ಪ ಚೇತರಿಸಿಕೊಂಡಿತು. ಹೊರಡುವ ಬೆಳಿಗ್ಗೆ ನಾಗರತ್ನಮ್ಮ ಬಂದರು, ಸೊಂಟದ ಮೇಲೆ ಒಂದು ಬಿಂದಿಗೆ. ಬೋರ್‌ವೆಲ್ ಕೈಪಂಪು ಇರುವುದು ನಮ್ಮ ಬಡಾವಣೆಯ ಆಚೆ, ಮೇನ್ ರೋಡು ದಾಟಿ. ಅಲ್ಲಿಂದ ಹೊತ್ತು ತಂದಿದ್ದರು. “ಇದು ಚೆಂದಾಗದೆ. ಕಾಯ್ಸವ್ವಾ” ಎಂದು ಅಮ್ಮನ ಕೈಗೆ ಕೊಟ್ಟರು. ಅವತ್ತು ಕೂಸಿನ ಮೂಲಕ ಯಾರೂ ಯಾರಿಗೂ ಏನೂ ಹೇಳಲಿಲ್ಲ. ನಾಗರತ್ನಮ್ಮ ನೀರು ಹಾಕಿದರು, ಅಮ್ಮ ಮೊಗೆದು ಕೊಟ್ಟರು. ಕೂಸಿನ ಹಣೆಗೆ ದೃಷ್ಟಿಬೊಟ್ಟು ಇಡುವಾಗ ನಾಗರತ್ನಮ್ಮ ಅಮ್ಮನಿಗೆ, “ನಂದೂ ತಪ್ಪು ಅದೆ ಕಣ್ ಜಯಮ್ಮ” ಎಂದರು. ಅಮ್ಮ, “ಯಾರ್ದು ಅಂತ ಹೇಳನಕ್ಕಾ. ಬನ್ನಿ, ಕಾಫಿ ಕುಡೀರಿ” ಎಂದರು.

ಬ್ಯಾಗು, ತೊಟ್ಟಿಲಬಟ್ಟೆ, ಬಾಣಂತಿ ಲೇಹದ ಡಬ್ಬಿ ಹೊತ್ತುಕೊಂಡು ನಾನೂ ಭಾವನ ಜೊತೆ ನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನಾಟಿಗೆ ಬಿಟ್ಟ ನೀರು ಥಳಥಳ ಹೊಳೆಯುತ್ತಿತ್ತು. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಲ್ಲಿ ಇಳಿದಾಗ ಪುಟ್ಟತಾಯಮ್ಮ ಬಾಗಿಲಲ್ಲೇ ಆರತಿ ಹಿಡಿದು ನಿಂತಿದ್ದರು. ‘ನಾನು ಆಗಲೇ ಹೇಳಿರಲಿಲ್ಲವೇ’ ಎಂಬ ಮಾತಿಗೆ ನಾನು ದಾರಿಯಲ್ಲೇ ಉತ್ತರ ತಯಾರು ಮಾಡಿಕೊಂಡಿದ್ದೆ. ಅವರು ಅದನ್ನು ಆಡಲೇ ಇಲ್ಲ. ಸೊಸೆಯ ಮುಖ ನೋಡಿ, “ಅಯ್ಯೋ, ಎಷ್ಟ್ ಸೊರಗೋಗಿದ್ದೀಯವ್ವಾ” ಎಂದು ಒಳಗೆ ಕರೆದುಕೊಂಡು ಹೋಗಿ, ಕೂಸನ್ನು ತಾವೇ ಕಾಲ ಮೇಲೆ ಹಾಕಿಕೊಂಡರು. ಹಿತ್ತಲಲ್ಲಿ ಮೋಟರು ಗುರ್ ಎನ್ನುತ್ತಿತ್ತು. ಹಂಡೆ ತುಂಬಿ ಚೆಲ್ಲುತ್ತಿದ್ದರೂ ಯಾರೂ ಓಡಿ ಬರುತ್ತಿರಲಿಲ್ಲ.

“ನೀನೂ ಎರಡ್ ಚೊಂಬ್ ನೀರ್ ಉಯ್ಕೊಳ್ಳಪ್ಪಾ, ಬಸ್ಸಲ್ಲಿ ಧೂಳು ಕುಡ್ದಿದ್ದೀಯ” ಎಂದು ಪುಟ್ಟತಾಯಮ್ಮ ಟವೆಲು ಕೊಟ್ಟರು.

ಬೇಡ ಎನ್ನಬೇಕಿತ್ತು. ಅಮ್ಮನ ಮುಖ ನೆನೆಸಿಕೊಂಡಾದರೂ ಬೇಡ ಎನ್ನಬೇಕಿತ್ತು. ನಾನು ಬಚ್ಚಲ ಬಾಗಿಲು ಹಾಕಿಕೊಂಡೆ. ಆಮೇಲೆ ಏನಾಯಿತು ಎಂದು ಸರಿಯಾಗಿ ನೆನಪಿಲ್ಲ. ಸೋಪು ಹಚ್ಚಿದೆ, ತೊಳೆದೆ, ಮತ್ತೆ ಹಚ್ಚಿದೆ. ತಲೆಯ ಮೇಲೆ ಸುರಿದುಕೊಂಡು ಸುಮ್ಮನೆ ನಿಂತೆ. ಹಾಡಿದೆ ಎಂದು ಅಕ್ಕ ಆಮೇಲೆ ಹೇಳಿದಳು. ಭಾವ ಒಂದು ಸಲ ಬಾಗಿಲು ತಟ್ಟಿ, “ಇದ್ದೀಯೇನೋ?” ಎಂದು ಕೇಳಿದರಂತೆ.

ಸಂಜೆ ಮನೆಗೆ ಬಂದಾಗ ಅಮ್ಮ ಜಗಲಿಯ ಮೇಲೆ ಕೂತಿದ್ದರು. ಬಸ್ಸಿನಲ್ಲಿ ನಾನು ಯೋಚಿಸಿಕೊಂಡು ಬಂದದ್ದು ಒಂದೇ ವಿಷಯ. ಅಲ್ಲಿ ನೀರು ಹೇಗಿದೆ ಎಂದು ಅಮ್ಮ ಕೇಳುತ್ತಾರೆ. ಬೇಕಾದಷ್ಟಿದೆ ಎಂದರೆ ನೊಂದುಕೊಳ್ಳುತ್ತಾರೆ, ಅಷ್ಟೇನಿಲ್ಲ ಎಂದರೆ ಹೆದರಿಕೊಳ್ಳುತ್ತಾರೆ. ಕೊನೆಗೆ ‘ಪರವಾಗಿಲ್ಲ’ ಎಂಬ ಮಾತನ್ನು ಆರಿಸಿಟ್ಟುಕೊಂಡಿದ್ದೆ.

ಅಮ್ಮ ಕೇಳಲಿಲ್ಲ. ಹತ್ತಿರ ಕರೆದರು. ನನ್ನ ಗಲ್ಲ ಹಿಡಿದು ಆ ಕಡೆ ತಿರುಗಿಸಿ ಕಿವಿಯ ಹಿಂದೆ ನೋಡಿದರು. ಈ ಕಡೆ ತಿರುಗಿಸಿ ಇನ್ನೊಂದು ಕಿವಿಯ ಹಿಂದೆ ನೋಡಿದರು. ತಲೆಗೂದಲು ಮೂಸಿದರು.

“ಭಾಳ ನೀರದೆ ಅನ್ನು” ಎಂದರು.

ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

“ಸದ್ಯ. ಅವಳ ಸೊಂಟಕ್ಕಾಯ್ತು ಬುಡು.” ಆಮೇಲೆ, “ಕೂಸ್ಗೆ ಯಾರ್ ನೀರಾಕುದ್ರು?” ಎಂದು ಕೇಳಿದರು.

“ಅಕ್ಕನ್ ಅತ್ತೆ.”

“ಅತ್ತಾ ಕೂಸು?”

“ಹೂಂ. ಜೋರಾಗೇ ಅತ್ತು.”

ಅಮ್ಮ ತಲೆಯಾಡಿಸಿದರು. ಖಾಲಿ ತೊಟ್ಟಿಲು ಬಿಚ್ಚುವುದಕ್ಕೆ ಎದ್ದು ಒಳಗೆ ಹೋದರು. ಇಡೀ ಮನೆಯಲ್ಲಿ ಅವತ್ತು ಮೈ ಘಮಘಮ ಎನ್ನುತ್ತಿದ್ದವನು ನಾನೊಬ್ಬನೇ. ಮಟ್ಟ ನೋಡಿ, ಪಾಠ ಓದಿ, ನೆಲ ಅಗೆದು, ನಂಜನಗೂಡಿನ ನೀರಿನ ಸಮಸ್ಯೆಗೆ ನಾನು ಕೊಟ್ಟ ಒಟ್ಟು ಕಾಣಿಕೆ ಇಷ್ಟು: ಒಂದು ದಿನದ ನನ್ನ ಸ್ನಾನವನ್ನು ಬೇರೆ ಊರಿನಲ್ಲಿ ಮುಗಿಸಿಕೊಂಡು ಬಂದದ್ದು.

ನಿಮ್ಮ ಊರಿನಲ್ಲಿ ನಲ್ಲಿ ಈಗ ಎಲ್ಲಿಯವರೆಗೆ ಇಳಿದಿದೆ? ಮನೆಗೆ ಬಂದ ಬಾಣಂತಿಗೆ, ನೆಂಟರಿಗೆ ನೀವು ಹೇಗೆ ನೀರು ಹೊಂದಿಸಿದಿರಿ, ಇಲ್ಲಾ ಹೊಂದಿಸಲಾಗದೆ ಏನು ಮಾಡಿದಿರಿ? ಬರೆದು ತಿಳಿಸಿ, ಒಂದೊಂದನ್ನೂ ಓದುತ್ತೇನೆ. ಉಪಾಯ ಮಾತ್ರ ದಯವಿಟ್ಟು ಬರೆಯಬೇಡಿ. ನನಗೆ ಉತ್ಸಾಹ ಬಂದುಬಿಡುತ್ತದೆ, ಪಿಕಾಸಿ ಇನ್ನೂ ಮನೆಯಲ್ಲೇ ಇದೆ.